ಜೇನುಬಳ್ಳಿ ಮೊಗ್ಗೂ ಸೋಮಾರಿ ತಿಪ್ಪಣ್ಣನೂ

ಬಾ, ಕಾಲು ಒಳಗೆ ಎಳ್ಕೋ, ಕಂಬಳಿ ಒದೀಬೇಡ. ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ತಾತನಿಗೂ ಮೀಸೆ ಬಂದಿರದ ಕಾಲದಲ್ಲಿ, ಕಲ್ಲುಗುಡ್ಡದ ಕೆಳಗೆ ಮಲ್ಲಿಗೆ ಬೆಳೆಯೋರ ಮನೆ ಒಂದಿತ್ತಂತೆ. ಆ ಮನೇಲಿ ಅಪ್ಪ, ಅವ್ವ, ಮೂರು ಜನ ಗಂಡುಮಕ್ಕಳು. ದೊಡ್ಡೋನು ಕೆಂಚಣ್ಣ, ನಡುವಿನೋನು ಬೋರಣ್ಣ, ಚಿಕ್ಕೋನು ತಿಪ್ಪಣ್ಣ. ಈ ತಿಪ್ಪಣ್ಣ ಮಹಾ ಸೋಮಾರಿ, ಕೂತಲ್ಲೇ ತೂಕಡಿಸೋನು. ಮೂವರಿಗೂ ಒಬ್ಬಳೇ ತಂಗಿ ದುರುಗಿ, ಇಡೀ ದಿನ ವಟವಟ ಅಂತ ಮಾತಾಡ್ಕೊಂಡು ಮನೆ ತುಂಬಾ ಓಡಾಡೋಳು.

ಅಂಥ ಮಗೂಗೆ ಒಂದ್ಸಲ ಜ್ವರ ಬಂತಂತೆ, ಆಮೇಲೆ ಗಂಟಲು ಊದಿಕೊಂಡು ಮಾತೇ ನಿಂತುಹೋಯ್ತಂತೆ, ಆಮೇಲೆ ಒಂದು ಗುಟುಕು ನೀರು ಇಳಿಸೋದೂ ಕಷ್ಟ ಆಯ್ತಂತೆ. ಗಾಬರಿಬಿದ್ದು ನಾಟಿ ಮದ್ದಿನ ಓಬಜ್ಜಿನ ಕರ್ಕೊಂಡು ಬಂದ್ರಂತೆ. ಅವಳು ಗಂಟಲು ನೋಡಿ, ಗುಡ್ಡದ ಮೇಲಿನ ಜೇನುಬಳ್ಳಿ ಹೂವು ಒಣಗಿಸಿ ತನ್ನಿ, ಕಷಾಯ ಕಾಯಿಸ್ತೀನಿ, ಆದ್ರೆ ಹೂವು ಕೆಟ್ಟಿದ್ರೆ ನಾನು ಒಲೆ ಹಚ್ಚಲ್ಲ ಅಂದ್ಲಂತೆ. ಬಲು ಬಿಗಿ ಮುದುಕಿ! ಹೂವಿನ ಮನೆಯೋರಿಗೇ ಹೂವಿನ ಪಾಠವಾ ಅಂತ ಅಣ್ಣಂದಿರು ಒಳಗೊಳಗೇ ನಕ್ಕರಂತೆ.

ಮೊದಲು ಕೆಂಚಣ್ಣ ಉಂಡು, ಎಲೆಅಡಿಕೆ ಹಾಕ್ಕೊಂಡು, ಬಿಸಿಲೇರಿದ ಮೇಲೆ ಹೊರಟನಂತೆ. ಜೇನುಬಳ್ಳಿ ಮೊಗ್ಗು ತಿಳಿಹಸಿರು, ಅರಳಿದ್ರೆ ಬೆಳ್ಳಗೆ, ಮಾರನೇ ದಿನ ಬಂಗಾರದ ಬಣ್ಣ. ಬಂಗಾರ ಕಂಡ್ರೆ ಯಾರು ಬಿಡ್ತಾರೆ? ಅರಳಿದ್ದನ್ನೇ ಆರಿಸಿ ಆರಿಸಿ ಕಿತ್ತು, ಒಣಗಿಸಿ ತಂದನಂತೆ. ಓಬಜ್ಜಿ ಮೂಸಿ ನೋಡಿ, ಅಯ್ಯೋ ದೊಡ್ಡೋನೇ, ಇದು ಮುಡಿಯೋ ಹೂವಲ್ಲಪ್ಪಾ, ಕುಡಿಯೋ ಹೂವು, ಅರಳಿದ ಮೇಲೆ ಸಾರ ಎಲ್ಲಿರುತ್ತೆ, ಬಾಯಿ ಬಿಡದ ಮೊಗ್ಗು ಬೇಕು ಅಂತ ಪಕ್ಕಕ್ಕಿಟ್ಟಳಂತೆ. ಇತ್ತ ದುರುಗಿ ಮೈ ಇನ್ನೂ ಸುಡ್ತಾನೇ ಇತ್ತಂತೆ.

ಆಮೇಲೆ ಬೋರಣ್ಣ ಹೋದನಂತೆ. ಮೊಗ್ಗನ್ನೇ ತಂದ, ಚೆನ್ನಾಗೇ ತಂದ. ಆದ್ರೆ ಮಲ್ಲಿಗೆ ಮನೆಯೋರ ಕೈ ಸುಮ್ಮನಿರುತ್ತಾ? ಬಾಡದಿರಲಿ ಅಂತ ನೀರು ಚಿಮುಕಿಸಿದ, ಒಣಗೋಕೆ ಹರವಿದ ಮೇಲೂ ಗಳಿಗೆಗೊಂದು ಸಲ ಕೈಯಾಡಿಸಿದ. ಮೊಗ್ಗೆಲ್ಲಾ ಕಪ್ಪಗಾಗಿ ಇಲಿ ಹಿಕ್ಕೆ ಥರ ಆಯ್ತಂತೆ. ಅದನ್ನ ಕಂಡು ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳಂತೆ.

ಉಳಿದೋನು ತಿಪ್ಪಣ್ಣ. ನೀನು ಹೋಗಿ ಅಲ್ಲೇ ಮಲಗ್ತೀಯ ಕಣೋ ಅಂತ ಅಪ್ಪ ಬೈದನಂತೆ. ಬಿಸಿಲಲ್ಲಿ ಗುಡ್ಡ ಯಾರು ಹತ್ತೋರು ಅಂತ ತಿಪ್ಪಣ್ಣ ಹೊತ್ತು ಹುಟ್ಟೋ ಮೊದಲೇ ಹೋದನಂತೆ. ಆಗಿನ್ನೂ ಮೊಗ್ಗು ಅರಳಿರಲಿಲ್ಲ, ಕಿತ್ತ. ಹಸಿ ಹೊರೆ ಯಾರು ಹೊರೋರು ಅಂತ ಬಂಡೆ ನೆರಳಲ್ಲಿ ಪಂಚೆ ಹಾಸಿ, ತೆಳ್ಳಗೆ ಹರವಿದ. ನೀರು ಚಿಮುಕಿಸಬೇಕಲ್ಲಾ ಅನ್ನಿಸ್ತು, ಹಳ್ಳ ಎಲ್ಲೋ ಕೆಳಗಿತ್ತು, ಬಿಟ್ಟ. ಕೈಯಾಡಿಸಬೇಕಲ್ಲಾ ಅನ್ನಿಸ್ತು, ನಿದ್ದೆ ಬಂತು. ಎದ್ದು ನೋಡ್ದ, ಒಣಗಿರಲಿಲ್ಲ, ಮತ್ತೆ ಮಲಗಿದ. ಮಾರನೇ ದಿನ ಎದ್ದಾಗ ಗಾಳಿಗೆ ಗರಿಗರಿ ಅಂತಿತ್ತಂತೆ. ಹುಟ್ಟಿದಾಗಿಂದ ಓಡದೋನು ಅವತ್ತು ಗಂಟು ಎದೆಗೆ ಅವಚಿಕೊಂಡು ಮನೆವರೆಗೂ ಓಡಿದನಂತೆ, ಪಾಪ, ತಂಗಿ ಅಂದ್ರೆ ಪ್ರಾಣ ಅವನಿಗೆ.

ಓಬಜ್ಜಿ ಮೊದಲು ಬಣ್ಣ ನೋಡಿದಳು, ತಿಳಿಹಸಿರು ಹಾಗೇ ಇತ್ತು. ಆಮೇಲೆ ಬೆರಳಲ್ಲಿ ಮುರಿದಳು, ಚಟಕ್ ಅಂತು. ಆಮೇಲೆ ಬಿಸಿನೀರಿಗೆ ಹಾಕಿ ನಾಲಿಗೆಗಿಟ್ಟಳು, ಮೂಗಿಗೆ ಘಮ, ಬಾಯಿಗೆ ಕಹಿ. ಏನು ಮಾಡ್ದೆಯೋ ಇದಕ್ಕೆ ಅಂತ ಕೇಳಿದಳಂತೆ. ಏನೂ ಮಾಡ್ಲಿಲ್ಲ ಅಜ್ಜಿ ಅಂತ ತಿಪ್ಪಣ್ಣ ತಲೆ ತಗ್ಗಿಸಿದನಂತೆ. ಅದೇ ಕಣಪ್ಪಾ ಬೇಕಾಗಿದ್ದು ಅಂತ ಒಲೆ ಹಚ್ಚಿದಳಂತೆ.

ಒಳಲೆಯಲ್ಲಿ ಹನಿ ಹನಿ ಕಷಾಯ ಅವಳ ಬಾಯಿಗೆ ಬಿಟ್ಟರು. ಒಂದು ದಿನ ಕಳೀತು, ಏನಿಲ್ಲ. ಎರಡು ದಿನ ಕಳೀತು, ಮೈ ಬೆವರಿತು. ಮೂರನೇ ದಿನ ಬೆಳಿಗ್ಗೆ ಅವ್ವ ಬಾಯಿಗಿಟ್ಟ ಒಳಲೆನ ದುರುಗಿ ತಳ್ಳಿ, ಥೂ, ಕಹಿ, ನಂಗೆ ಬ್ಯಾಡ ಹೋಗು ಅಂತ ಕಿರುಚಿದಳಂತೆ. ಅವ್ವ ಅಳ್ತಾ ನಗ್ತಾ, ಇನ್ನೊಂದ್ಸಲ ಬೈಯೇ ನನ್ನವ್ವಾ, ಇನ್ನೊಂದ್ಸಲ ಬೈಯೇ ಅಂತ ತಬ್ಬಿಕೊಂಡಳಂತೆ. ಅವಳು ಬೈದಳು, ಅವರೆಲ್ಲಾ ಕೇಳ್ತಾ ಕೂತರು. ಅಲ್ಲಿಗೆ ಅವರ ಸಂಕಟ ಕಳೀತು, ನನ್ನ ಕತೆನೂ ಮುಗೀತು.