ಹಲಗೆಯನ್ನೂ ಎಣಿಸಿದ ಗ್ರಂಥಾಲಯ

ಬದುಕಿರುವಷ್ಟು ಕಾಲ ಇರಲು ಒಂದು ಮನೆ, ವರ್ಷಕ್ಕೆ ಬೇಕಾಗುವ ಅಕ್ಕಿ ಬೇಳೆ, ಸತ್ತ ಮೇಲೆ ಹೆಂಡತಿಗೆ ಅದರಲ್ಲಿ ಅರ್ಧ. ಬದಲಿಗೆ ಬರೆದುಕೊಡಬೇಕಾದದ್ದು ಒಂದು ಪುಸ್ತಕ, ಬರೆಯದೆ ಬಿಡಬೇಕಾದದ್ದು ಒಂದು ವರ್ಷ. ವ್ಯವಹಾರ ಇಷ್ಟೇ. ರಾಜಧಾನಿಯ ದೊಡ್ಡ ಗ್ರಂಥಾಲಯವು ತನ್ನ ಚರಿತ್ರೆಯನ್ನು ಬರೆಯಲು ವಿರೂಪಣ್ಣನನ್ನು ಕರೆದಿತ್ತು. ಹಿಂದೆ ಒಂದು ವರ್ಷ ಅಲ್ಲಿಂದ ಕೆಲವು ಗ್ರಂಥಗಳು ಕಳವಾಗಿದ್ದವು. ಆ ವರ್ಷವನ್ನು ದಾಟಿಕೊಂಡು ಹೋಗಿ ಎಂದು ಅಲ್ಲಿನವರು ನಯವಾಗಿ ಹೇಳಿದ್ದರು.

ವಿರೂಪಣ್ಣ ತನ್ನ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ಅನ್ನ ಕೊಡುವ ಮನೆಯ ಹುಳುಕನ್ನು ಬರೆದರೆ ಅದು ದ್ರೋಹವಲ್ಲವೇ?"

ಗುರು ಈರಸಂಗಯ್ಯನವರು ಹತ್ತಿಯ ವ್ಯಾಪಾರ ಮಾಡಿ, ಅಂಗಡಿಯನ್ನು ಮಕ್ಕಳ ಕೈಗೆ ಬಿಟ್ಟು, ಆಮೇಲೆ ಪಾಠಕ್ಕೆ ಕೂತವರು. ಯಾವ ಪ್ರಶ್ನೆ ಬಂದರೂ ಮೊದಲು ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದರು.

"ಮನೆ ನೋಡಿಕೊಂಡು ಬಂದೆಯಾ?" ಎಂದರು.

"ನೋಡಿದೆ."

"ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಹಾಗಾದರೆ ಪ್ರಶ್ನೆ ಕಷ್ಟದ್ದೇ. ಕೂತುಕೋ." ವಿರೂಪಣ್ಣ ಕೂತ. ಗುರುಗಳು ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಒಂದು ದೊಡ್ಡ ಗ್ರಂಥಾಲಯವಿತ್ತು. ಆ ನಾಡಿನಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಅಲ್ಲಿಗೆ ಸೇರಬೇಕೆಂದು ಕಾನೂನು. ಅಲ್ಲಿ ಇಲ್ಲದ ಪುಸ್ತಕ ಎಲ್ಲಿಯೂ ಇಲ್ಲ ಎಂದು ಜನ ನಂಬಿದ್ದರು.

ಗ್ರಂಥಾಲಯಕ್ಕೆ ಒಂದು ಪದ್ಧತಿಯಿತ್ತು. ಓದುಗನು ಪುಸ್ತಕವನ್ನು ಹೊರಗೆ ಒಯ್ದರೆ, ಅದು ನಿಂತಿದ್ದ ಜಾಗದಲ್ಲಿ ಅಷ್ಟೇ ದಪ್ಪದ ಒಂದು ತೇಗದ ಹಲಗೆಯನ್ನು ನಿಲ್ಲಿಸಬೇಕು. ಹಲಗೆಯ ಬೆನ್ನಿಗೆ ಆ ಪುಸ್ತಕದ ಹೆಸರನ್ನು ಕೆತ್ತಿರಬೇಕು. ಪುಸ್ತಕ ಹಿಂದಿರುಗಿದ ದಿನ ಹಲಗೆಯನ್ನು ತೆಗೆಯಬೇಕು. ವರ್ಷದ ಕೊನೆಗೆ ದಾಸ್ತಾನು ಎಣಿಸುವಾಗ ಪುಸ್ತಕವೂ ಒಂದು, ಹಲಗೆಯೂ ಒಂದು. ಹಲಗೆ ನಿಂತಿದೆ ಎಂದರೆ ಪುಸ್ತಕ ನಮ್ಮದೇ, ಸದ್ಯಕ್ಕೆ ಹೊರಗಿದೆ ಎಂದು ಅರ್ಥ. ಎಣಿಕೆ ಸರಿಬಂದರೆ ಮುಂದಿನ ಹಜಾರದಲ್ಲಿ ಎಲ್ಲರಿಗೂ ಪೇಡೆ ಹಂಚುತ್ತಿದ್ದರು. ಹಂಚದ ವರ್ಷ ಇರಲಿಲ್ಲ.

ಗ್ರಂಥಾಲಯಕ್ಕೆ ನೂರು ವರ್ಷ ತುಂಬುವುದಿತ್ತು. ಅದರ ಚರಿತ್ರೆ ಬರೆಯಲು ಒಬ್ಬ ಚರಿತ್ರೆಕಾರನನ್ನು ಗೊತ್ತುಮಾಡಿದರು. ಕೆಲಸ ಮೆಚ್ಚುಗೆಯಾದರೆ ಆವರಣದೊಳಗೆ ಒಂದು ಮನೆ, ಬದುಕಿರುವವರೆಗೆ. ಚರಿತ್ರೆಕಾರನು ಅಲ್ಲಿಯವರೆಗೆ ಒಂದು ಹೆಂಚಿನಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ. ಅವನ ಹೆಂಡತಿ ಆಗಲೇ ಆ ಮನೆಯ ಹಿತ್ತಲಿಗೆ ಹೋಗಿ, ಕರಿಬೇವಿನ ಗಿಡ ಎಲ್ಲಿ ನೆಡಬೇಕೆಂದು ಜಾಗ ನೋಡಿ ಬಂದಿದ್ದಳು.

ಅವನು ಕೆಲಸಗಳ್ಳನಲ್ಲ. ಮೊದಲ ಜಾಗ ಯಾರು ಕೊಟ್ಟರು, ಕಾನೂನು ಬಂದಾಗ ಅಚ್ಚುಕೂಟದವರು ಹೇಗೆ ಗೊಣಗಿದರು, ಒದ್ದೆ ಕೊಡೆಯನ್ನು ಹೊರಗೇ ಇಡಬೇಕೆಂದು ಯಾವ ಗ್ರಂಥಪಾಲ ಜಗಳವಾಡಿದ, ಎಲ್ಲವನ್ನೂ ಕೇಳಿ, ನೋಡಿ, ಬರೆದ. ಕೋಣೆಯಿಂದ ಕೋಣೆಗೆ ಹೋದ. ಕೊನೆಗೆ ಹಿಂದಿನ ಕೋಣೆಗೆ ಬಂದ. ಅಲ್ಲಿ ನೆಲದಿಂದ ಸೂರಿನವರೆಗೆ ಕಪಾಟುಗಳು ತುಂಬಿದ್ದವು. ತುಂಬಿದ್ದದ್ದು ಹಲಗೆಗಳು. ಒಬ್ಬ ಗುಮಾಸ್ತ ಅವುಗಳ ಧೂಳು ಒರೆಸುತ್ತಿದ್ದ.

"ಇಷ್ಟೂ ಪುಸ್ತಕಗಳನ್ನು ಯಾರಯ್ಯ ಒಯ್ದವರು?"

"ಗೆದ್ದಲು ಸ್ವಾಮಿ. ಅವುಗಳಷ್ಟು ಶ್ರದ್ಧೆಯಿಂದ ಓದುವವರು ಇನ್ನೊಬ್ಬರಿಲ್ಲ."

"ಹಾಳಾದ ಪುಸ್ತಕಕ್ಕೆ ಹಲಗೆ ಯಾಕೆ ನಿಲ್ಲಿಸಿದ್ದೀರಿ?"

"ಹೊರಗೆ ಹೋದದ್ದಕ್ಕೆ ಹಲಗೆ ಇಡಬೇಕೆಂದು ನಿಯಮ. ಇವೂ ಹೊರಗೇ ಹೋದವು, ಬುಟ್ಟಿಯಲ್ಲಿ. ನಾನು ಸೇರುವ ಮೊದಲಿನ ಮಾತು. ಅಂದಿನವರು ಇಟ್ಟರು, ಇಂದಿನವನು ಒರೆಸುತ್ತೇನೆ."

ಚರಿತ್ರೆಕಾರನು ಮುಖ್ಯ ಗ್ರಂಥಪಾಲನ ಬಳಿಗೆ ಹೋದ. ಗ್ರಂಥಪಾಲ ಏನನ್ನೂ ಮುಚ್ಚಿಡಲಿಲ್ಲ. "ಈ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಗೊತ್ತಾಗುವುದು ಬೇಡ," ಎಂದ. "ಜನ ನಮಗೆ ಪುಸ್ತಕ ಕೊಡುವುದು ನಾವು ಕಳೆಯುವುದಿಲ್ಲ ಎಂಬ ನಂಬಿಕೆಯಿಂದ. ಸರ್ಕಾರ ಅನುದಾನ ಕೊಡುವುದೂ ಅದಕ್ಕೇ. ಗೆದ್ದಲು ತಿಂದದ್ದನ್ನು ನೀನು ಬರೆದರೆ ತಿಂದದ್ದು ಹಿಂದಿರುಗುತ್ತದೆಯೇ? ಚರಿತ್ರೆಗೆ 'ನಷ್ಟವಿಲ್ಲದ ನೂರು ವರ್ಷ' ಎಂದು ಹೆಸರಿಡು. ಮನೆಯ ಬೀಗದ ಕೈ ತೆಗೆದಿಟ್ಟಿದ್ದೇನೆ."

ಮಾತಿನಲ್ಲಿ ತಪ್ಪು ಹುಡುಕಲು ಚರಿತ್ರೆಕಾರನಿಗೆ ಆಗಲಿಲ್ಲ. ಹೋದದ್ದು ಹೋಯಿತು. ಬರೆದು ಪಡೆಯುವುದೇನು? ಅವನು ಮುಂದಿನ ಹಜಾರದ ಒಂದು ಮೂಲೆಯಲ್ಲಿ ಕೂತು ಕೊನೆಯ ಅಧ್ಯಾಯವನ್ನು ಬರೆಯತೊಡಗಿದ.

ಒಂದು ದಿನ ಬೆಳಿಗ್ಗೆ ಬಾವಿ ತೋಡಿಸುವ ಕೆಲಸದ ಒಬ್ಬ ಮೇಸ್ತ್ರಿ ಬಂದ. ಅವನ ಊರಿನಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ನೆಲದ ಮಣ್ಣು ನೋಡಿ ಸಿಹಿನೀರಿನ ಜಾಗ ಗುರುತಿಸುವುದನ್ನು ಹೇಳುವ ಒಂದು ಹಳೆಯ ಪುಸ್ತಕ ಇದೆಯೆಂದು ಯಾರೋ ಹೇಳಿದ್ದರು. ಅದೇ ಗುಮಾಸ್ತ ಒಳಗೆ ಹೋಗಿ ನೋಡಿಕೊಂಡು ಬಂದ.

"ಪುಸ್ತಕ ನಮ್ಮಲ್ಲಿದೆ. ಈಗ ಹೊರಗಿದೆ. ಬಂದ ಮೇಲೆ ಬನ್ನಿ."

"ಹೋದ ವರ್ಷವೂ ಇದನ್ನೇ ಹೇಳಿದಿರಲ್ಲ ಮಾರಾಯರೇ. ಒಯ್ದವನು ಅಕ್ಷರ ಕಲಿಯುತ್ತಾ ಓದುತ್ತಿದ್ದಾನೋ ಏನೋ!" ಎಂದು ಮೇಸ್ತ್ರಿ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ.

ಚರಿತ್ರೆಕಾರನು ತಲೆ ಎತ್ತಲಿಲ್ಲ. ಅಧ್ಯಾಯ ಮುಗಿಯುವುದರಲ್ಲಿತ್ತು.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಒಂದು ಗಂಟು ಹೊತ್ತು ಬಂದಳು. "ನಮ್ಮ ಮಾವನವರ ಪುಸ್ತಕಗಳು. ಮನೆ ಬದಲಾಯಿಸುತ್ತಿದ್ದೇವೆ, ಹೊಸ ಮನೆಯಲ್ಲಿ ಜಾಗವಿಲ್ಲ. ಬೇಕಾದರೆ ಇಟ್ಟುಕೊಳ್ಳಿ," ಎಂದಳು. ಗುಮಾಸ್ತ ಗಂಟು ಬಿಚ್ಚಿ, ಮೇಲಿನ ಪುಸ್ತಕದ ಹೆಸರು ಓದಿ, ಉಳಿದವನ್ನೂ ಓದಿ, ಮತ್ತೆ ಒಳಗೆ ಹೋಗಿ ಬಂದ.

"ಇವೆಲ್ಲ ನಮ್ಮಲ್ಲಿ ಇವೆ ತಾಯಿ. ಎರಡೆರಡು ಇಟ್ಟುಕೊಳ್ಳುವುದಿಲ್ಲ."

"ನಿಮ್ಮಲ್ಲಿ ಇದ್ದರೆ ಸರಿ ಬಿಡಿ. ನನ್ನ ಮನಸ್ಸಿಗೂ ಸಮಾಧಾನ. ಇವನ್ನು ದಿನಸಿ ಅಂಗಡಿಗೆ ಹಾಕುತ್ತೇನೆ, ಪೊಟ್ಟಣ ಕಟ್ಟುವುದಕ್ಕಾದರೂ ಆದಾವು."

ಅವಳು ಗಂಟು ಕಟ್ಟಿಕೊಂಡು ಹೊರಟುಹೋದಳು. ಚರಿತ್ರೆಕಾರನು 'ನಷ್ಟವಿಲ್ಲದ' ಎಂಬಲ್ಲಿಗೆ ಬಂದಿದ್ದ. ಲೇಖನಿ ಅಲ್ಲಿಯೇ ನಿಂತಿತು.

"ಒಳಗೆ ಎಲ್ಲಿ ನೋಡಿ ಬಂದೆ?" ಎಂದು ಅವನು ಗುಮಾಸ್ತನನ್ನು ಕೇಳಿದ.

"ಹಿಂದಿನ ಕೋಣೆಯಲ್ಲಿ."

"ಮೇಸ್ತ್ರಿಗಾಗಿ ನೋಡಿದ್ದು ಎಲ್ಲಿ?"

"ಅದೂ ಹಿಂದಿನ ಕೋಣೆಯಲ್ಲೇ. ಗಂಟಿನ ಮೇಲಿದ್ದ ಪುಸ್ತಕದ್ದೂ ಅದೇ ಹಲಗೆ," ಎಂದ ಗುಮಾಸ್ತ. ಹೇಳಿದ ಮೇಲೆ ಅವನಿಗೂ ಅರ್ಥವಾಯಿತು.

ಕೇಳಿದವನಿಗೆ ಕೊಡಲು ಪುಸ್ತಕ ಇರಲಿಲ್ಲ. ತಂದವಳಿಂದ ತೆಗೆದುಕೊಳ್ಳಲು ಜಾಗ ಇರಲಿಲ್ಲ. ಎರಡಕ್ಕೂ ಕಾರಣ ಒಂದೇ ಹಲಗೆ. ನನ್ನಂಥ ಹತ್ತಿ ವ್ಯಾಪಾರಿ ಹತ್ತಿ ತುಂಬುವ ಅಂಡಿಗೆ ಚೀಲಗಳನ್ನು ಖಾಲಿಯಾಗಿಯೇ ಎಣಿಸಿ ಗೋದಾಮು ತುಂಬಿದೆ ಎಂದುಕೊಂಡರೆ, ಬಾಗಿಲಿಗೆ ಬಂದ ಹತ್ತಿಯನ್ನೂ ತಿರುಗಿಸಿ ಕಳಿಸುತ್ತಾನೆ. ಮೋಸ ಹೋದವನು ಅವನೇ.

ಚರಿತ್ರೆಕಾರನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ದಿನಸಿ ಅಂಗಡಿಯವನು ಆಗಲೇ ಕೆಲಸ ಶುರು ಮಾಡಿದ್ದ. ಬಾವಿಯ ಪುಸ್ತಕದ ಮೊದಲ ಹಾಳೆಗಳು ಜೀರಿಗೆ ಕಟ್ಟಿಕೊಂಡು ಯಾರ ಮನೆಗೋ ಹೋಗಿದ್ದವು. ಮಿಕ್ಕಿದ್ದು ಮಿಕ್ಕಿತ್ತು. "ಹಾಳೆ ಗಟ್ಟಿಯಾಗಿವೆ ಸ್ವಾಮಿ, ಪುಕ್ಕಟೆ ಬಿಡುವುದಿಲ್ಲ," ಎಂದ ಅಂಗಡಿಯವನು. ಚರಿತ್ರೆಕಾರನು ತನ್ನ ಮೇಲುವಸ್ತ್ರವನ್ನು ಅವನ ತಕ್ಕಡಿಯ ಮೇಲೆ ಹಾಕಿ, ಗಂಟನ್ನು ಹೊತ್ತು ತಂದ. ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿ ಸಂಜೆಯವರೆಗೆ ಎದ್ದೇಳದೆ ಓದಿದ.

ಮರುದಿನ ಚರಿತ್ರೆಕಾರನು ಮುಖ್ಯ ಗ್ರಂಥಪಾಲನ ಮೇಜಿನ ಮೇಲೆ ಆ ಗಂಟನ್ನು ಇಟ್ಟು, ನಡೆದದ್ದನ್ನು ಹೇಳಿದ. "ಹಿಂದಿನ ಕೋಣೆಯ ಸಂಗತಿಗೆ ಒಂದು ಅಧ್ಯಾಯ ಬೇಕು. ಅದರ ಕೊನೆಗೆ ಪ್ರತಿಯೊಂದು ಹಲಗೆಯ ಮೇಲಿನ ಹೆಸರೂ ಬೇಕು," ಎಂದ.

"ನಮ್ಮ ಮಾನ ಕಳೆಯುತ್ತೀಯಾ?"

"ನಿಮ್ಮ ಹಲಗೆ ತೆಗೆಯುತ್ತೇನೆ."

ಗ್ರಂಥಪಾಲ ಗಂಟು ಬಿಚ್ಚಿ ಬಾವಿಯ ಪುಸ್ತಕವನ್ನು ಕೈಗೆ ತೆಗೆದುಕೊಂಡ. ಹರಿದ ಅಂಚನ್ನು ಬೆರಳಿನಿಂದ ಸವರಿದ. ಅವನೂ ಪುಸ್ತಕಗಳ ನಡುವೆ ಮುದುಕನಾದವನು. "ಅಚ್ಚು ಹಾಕಿಸುತ್ತೇನೆ," ಎಂದ ಕೊನೆಗೆ. "ಆದರೆ ಮನೆ ಕೊಡಿಸಲಾರೆ. ಮೇಲಿನವರು ನನ್ನನ್ನು ಉಳಿಸಿದರೆ ಅದೇ ದೊಡ್ಡದು."

"ಬೇಡ," ಎಂದ ಚರಿತ್ರೆಕಾರ. ಮನೆಗೆ ಹೋಗಿ ಹೆಂಡತಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. "ಊರಿನವರ ಬಾವಿಗೆ ನನ್ನ ಹಿತ್ತಲು ಕೊಟ್ಟಿರಿ," ಎಂದು ಅವಳು ಕೆಲವು ದಿನ ಸಾರಿಗೆ ಒಗ್ಗರಣೆಯನ್ನೇ ಹಾಕಲಿಲ್ಲ.

ಚರಿತ್ರೆ ಅಚ್ಚಾಯಿತು. ಜನ ನಕ್ಕರು. ಪತ್ರಿಕೆಯವರು ಬೈದರು. ಆಮೇಲೆ, ನಕ್ಕವರಲ್ಲಿ ಕೆಲವರು ಪಟ್ಟಿಯಲ್ಲಿದ್ದ ಪುಸ್ತಕ ಇದೆಯೇ ಎಂದು ತಮ್ಮ ಅಟ್ಟ ಹತ್ತಿ ನೋಡಿದರು.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ವಿರೂಪಣ್ಣ ಕೇಳಿದ: "ಹಿಂದಿನ ಕೋಣೆ ತುಂಬಿತೇ?"

"ಇಲ್ಲ. ಕಾಲು ಭಾಗ ತುಂಬಿತು. ಮಿಕ್ಕ ಕಪಾಟುಗಳು ಖಾಲಿಯಾಗಿಯೇ ಇವೆ. ಖಾಲಿ ಎಂದೇ ಎಣಿಸುತ್ತಾರೆ. ಪೇಡೆ ಹಂಚುವುದು ನಿಂತುಹೋಯಿತು."

"ಹಾಗಾದರೆ ಅವನು ಗಳಿಸಿದ್ದು ಏನು ಗುರುಗಳೇ?"

"ಲೆಕ್ಕ ಹೇಳುತ್ತೇನೆ. ಹೋದದ್ದು ಒಂದು ಮನೆ, ನೆಡದೆ ಉಳಿದ ಒಂದು ಕರಿಬೇವಿನ ಗಿಡ, ಒಂದು ಮೇಲುವಸ್ತ್ರ. ಬಂದದ್ದು ಕಾಲು ಕೋಣೆ ಪುಸ್ತಕ, ಒಂದು ಊರಿಗೆ ಸಿಹಿನೀರು."

ವಿರೂಪಣ್ಣ ಹೇಳಿದ: "ಆದರೆ ನನ್ನಿಂದ ಅವರು ಬರೆಸುತ್ತಿರುವುದು ಇಡೀ ಪುಸ್ತಕ. ಬಿಡುವುದು ಒಂದೇ ವರ್ಷ. ಮಿಕ್ಕಿದ್ದೆಲ್ಲ ನಿಜವೇ ಆಗಿರುತ್ತದೆ. ದಪ್ಪವೂ ಸರಿಯಾಗಿರುತ್ತದೆ, ಬೆನ್ನಿಗೆ ಹೆಸರೂ ಇರುತ್ತದೆ."

ಗುರುಗಳು ಹೇಳಿದರು: "ಹಾಗಾದರೆ ಅವರು ನಿನ್ನಿಂದ ಪುಸ್ತಕ ಬರೆಸುತ್ತಿಲ್ಲ ವಿರೂಪಣ್ಣ, ಹಲಗೆ ಕೆತ್ತಿಸುತ್ತಿದ್ದಾರೆ."