ಪಟೇಲರ ಹಾಗಿದ್ದ ಕೋಣ

ಸಾಕವ್ವನಿಗೆ ದೇವರು ಕೊಟ್ಟ ಆಸ್ತಿ ಎರಡೇ. ಒಂದು ಕೋಣ, ಇನ್ನೊಂದು ನಾಲಿಗೆ. "ನನ್ನ ಕೋಣ ಥೇಟ್ ಪಟೇಲರ ಹಂಗೆ" ಎಂದು ಆ ನಾಲಿಗೆ ಬಾವಿಕಟ್ಟೆಯಲ್ಲಿ ಅಂದುಬಿಟ್ಟಿತ್ತು. ಸಂಜೆಯೊಳಗೆ ಮಾತು ಪಟೇಲ ಮರಿಸಿದ್ದೇಗೌಡರ ಕಿವಿ ಮುಟ್ಟಿತು. ಮರುದಿನವೇ ಚಾವಡಿಯಲ್ಲಿ ಪಂಚಾಯ್ತಿ ಸೇರಿತು.

"ನನ್ನನ್ನ ಕೋಣಕ್ಕೆ ಹೋಲಿಸ್ತೀಯಾ? ಕೋಣ ನನ್ನ ಕೊಟ್ಟಿಗೆಗೆ, ನೀನು ಊರಾಚೆಗೆ" ಎಂದರು ಪಟೇಲರು.

ಸಾಕವ್ವ ಸೆರಗು ಸರಿಮಾಡಿಕೊಂಡಳು. "ಪಟೇಲರು ಕೋಣನ ಹಂಗೆ ಅಂತ ನಾನೆಲ್ಲಿ ಅಂದೆ? ಕೋಣ ಪಟೇಲರ ಹಂಗೆ ಅಂದೆ."

"ಎರಡೂ ಒಂದೇ."

"ಹೆಂಗೆ ಒಂದೇ? ನಿಮ್ಮ ಮಗ ನಿಮ್ಮ ಹಂಗೆ ಅಂದ್ರೆ ನಿಮಗೆ ಹಿಗ್ಗು. ನೀವು ನಿಮ್ಮ ಮಗನ ಹಂಗೆ ಅನ್ಲಾ?"

ಚಾವಡಿಯ ಕಂಬಕ್ಕೊರಗಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಮಗನ ಕಡೆಗೆ ಊರೆಲ್ಲ ತಿರುಗಿ ನೋಡಿತು. ಪಟೇಲರೂ ನೋಡಿದರು.

"ಬೇಡ, ಬೇಡ. ಎರಡೂ ಒಂದೇ ಅಲ್ಲ" ಎಂದರು. "ಕೋಣವೇ ನನ್ನ ಹಂಗೆ, ಒಪ್ಪಿದೆ. ಯಾವುದರಲ್ಲಿ?"

"ಗತ್ತಿನಲ್ಲಿ. ಎದುರಿಗೆ ಯಾರೇ ಬಂದರೂ ದಾರಿ ಬಿಡಲ್ಲ."

ಪಟೇಲರ ಕೈ ತಾನಾಗಿ ಮೀಸೆಗೆ ಹೋಯಿತು. "ಮತ್ತೆ?"

"ಕಂಡವರ ಹೊಲ ಮೇಯೋವಾಗ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ."

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಈಗಷ್ಟೇ ಊರ ಮುಂದೆ ಒಪ್ಪಿಕೊಂಡದ್ದನ್ನು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಹೋಗು, ನಿನ್ನ ಕೋಣಕ್ಕೆ ಮೊದಲು ಒಳ್ಳೇ ನಡತೆ ಕಲಿಸು" ಎಂದು ಗದರಿದರು.

ಸಾಕವ್ವ ಕೈ ಮುಗಿದಳು. "ನಾನೇನೋ ಕಲಿಸ್ತೀನಿ ಪಟೇಲ್ರೇ. ಆದರೆ ಅದು ಕಲಿಯೋದು ದೊಡ್ಡವರನ್ನ ನೋಡಿ."