ದವಡೆಯ ಕೆಳಗಿನ ಗಂಟು

"ಗುರುಗಳೇ, ಹೆದರುವಂಥದ್ದೇನೂ ಇಲ್ಲ ಎಂದು ಬಲ್ಲವರು ಹೇಳಿದ ಮೇಲೂ ಹೆದರಿಕೆ ಹೋಗುವುದಿಲ್ಲವಲ್ಲ. ಅದನ್ನು ಕಳೆದುಕೊಳ್ಳುವ ಬಗೆ ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕೂತುಕೋ ಎಂದು ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ಮಗಳ ಹೆಸರು ಹೊನ್ನಿ. ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಮಗು. ನೇಕಾರ ಗಟ್ಟಿಮುಟ್ಟಾದ ಆಳು. ಬೆಳಗಾದರೆ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿಗೆ ಇಳಿದವನು ಉಣ್ಣುವ ಹೊತ್ತಿಗೇ ಮೇಲೇಳುತ್ತಿದ್ದ. ಅವನು ನೇಯ್ದ ಸೀರೆ ಬೇಕೆಂದು ಕಾದು ಕೊಳ್ಳುವವರಿದ್ದರು.

ಒಂದು ದಿನ ಕ್ಷೌರಿಕ ಗಡ್ಡ ಹೆರೆಯುತ್ತಿದ್ದವನು ಅವನ ದವಡೆಯ ಕೆಳಗೆ ಬೆರಳಿಟ್ಟು, "ಇಲ್ಲೊಂದು ಗಂಟಿದೆಯಲ್ಲ ಅಣ್ಣಾ," ಎಂದ. ಹಾಗೆಂದವನೇ ಕತ್ತಿ ಒರೆಸಿಕೊಂಡು ತನ್ನ ಎಮ್ಮೆಯ ಸುದ್ದಿ ತೆಗೆದ. ನೇಕಾರನಿಗೆ ಆಮೇಲಿನ ಮಾತೊಂದೂ ಕಿವಿಗೆ ಬೀಳಲಿಲ್ಲ. ಕ್ಷೌರಿಕ ಎದ್ದು ಹೋದ ಮೇಲೆ ಮುಟ್ಟಿ ನೋಡಿಕೊಂಡ. ಗಂಟು ಇತ್ತು. ತೊಗರಿಕಾಳಿನಷ್ಟು. ಒತ್ತಿದರೆ ಜಾರುತ್ತಿತ್ತು, ಬಿಟ್ಟರೆ ಇದ್ದಲ್ಲಿಗೇ ಬರುತ್ತಿತ್ತು. ನೋವಿರಲಿಲ್ಲ. ನೋವಿಲ್ಲದ್ದೇ ಅವನಿಗೆ ದಿಗಿಲು ಹುಟ್ಟಿಸಿತು. ಹಿಂದಿನ ವರ್ಷ ಅದೇ ಕೇರಿಯ ಎಣ್ಣೆ ವ್ಯಾಪಾರಿಯೊಬ್ಬ ಕುತ್ತಿಗೆಯ ಬಾವಿನಿಂದಲೇ ಸತ್ತಿದ್ದ. ಅವನಿಗೂ ಮೊದಮೊದಲು ನೋವಿರಲಿಲ್ಲವಂತೆ. ಆ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಈ ನೇಕಾರನೂ ಒಬ್ಬ.

ಅಂದಿನಿಂದ ಅವನ ಕೈ ಅವನ ಮಾತು ಕೇಳಲಿಲ್ಲ. ಮುಖ ತೊಳೆಯುವಾಗ ಕುತ್ತಿಗೆಗೆ ಹೋಯಿತು. ಉಣ್ಣುವಾಗ ಹೋಯಿತು, ತುತ್ತು ತಟ್ಟೆಯಲ್ಲೇ ಉಳಿಯಿತು. ಯಾರಾದರೂ ಮಾತಾಡಿಸಿದರೆ ಹೂಂಗುಟ್ಟುತ್ತಿರುವಾಗಲೇ ಹೋಯಿತು. ಬೆಳಿಗ್ಗೆ ಗಂಟು ಚಿಕ್ಕದಾಗಿದೆ ಅನಿಸುತ್ತಿತ್ತು. ಮಧ್ಯಾಹ್ನಕ್ಕೆ ದೊಡ್ಡದಾದಂತೆ ಕಾಣುತ್ತಿತ್ತು. ಒಮ್ಮೆ ಅದು ಕೈಗೆ ಸಿಗಲೇ ಇಲ್ಲ. ಆಗಲಾದರೂ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಳಕ್ಕೆ ಇಳಿದುಬಿಟ್ಟಿತೇನೋ ಎಂದು ಬೆವರಿ, ಸಿಗುವ ತನಕ ಹುಡುಕಿದ.

ಮಗ್ಗಕ್ಕೆ ಎರಡು ಕೈಯೂ ಬೇಕು. ಒಂದು ಕೈ ಬೇರೆ ಕಡೆ ಹೋದರೆ ಎಳೆ ಹೊತ್ತು ಓಡುವ ಲಾಳಿ ನಿಲ್ಲುತ್ತದೆ. ಸದ್ದು ನಿಂತದ್ದು ಒಳಗೆ ಒಲೆಯ ಮುಂದಿದ್ದ ಹೆಂಡತಿಗೆ ಕೇಳುತ್ತಿತ್ತು. "ಮತ್ತೆ ಮುಟ್ಟಿಕೊಂಡಿರಾ?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಲಾಳಿ ಓಡುತ್ತಿತ್ತು. ತುಸು ಹೊತ್ತಿಗೆ ಮತ್ತೆ ನಿಲ್ಲುತ್ತಿತ್ತು. ಬರಬರುತ್ತ ಅವಳು ಕೂಗುವುದನ್ನೂ ಬಿಟ್ಟಳು.

ಅವನು ಊರಿನಲ್ಲಿ ಮದ್ದು ಕೊಡುವ ಪಂಡಿತರ ಹತ್ತಿರ ಹೋದ. ಅವರು ವಯಸ್ಸಾದವರು, ಅವಸರದವರಲ್ಲ. ಬಾಯಿ ತೆರೆಸಿ ನೋಡಿದರು. ಕತ್ತಿನ ಎರಡೂ ಬದಿ ಒತ್ತಿದರು, ಕಂಕುಳಲ್ಲಿ ಒತ್ತಿದರು. ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ, ಈಚೆಗೆ ಹಲ್ಲು ನೋವಿತ್ತೇ ಎಂದು ಕೇಳಿದರು. ಹಲ್ಲು ನೋವಿತ್ತು, ಬಂದು ಹೋಗಿತ್ತು.

"ಅದರದ್ದೇ ಇದು," ಎಂದರು ಪಂಡಿತರು. "ಹಲ್ಲಿಗೆ ನಂಜಾದರೆ ಹತ್ತಿರದ ಗಂಟು ಊದಿಕೊಳ್ಳುತ್ತದೆ. ಕೆಲವು ಕರಗುತ್ತವೆ, ಕೆಲವು ಹಾಗೇ ಉಳಿದುಬಿಡುತ್ತವೆ. ಬೆಳೆಯುತ್ತಾ ಹೋದರೆ, ಕಲ್ಲಿನ ಹಾಗೆ ಆದರೆ ಬಾ. ಇಲ್ಲವಾದರೆ ಅದರ ಪಾಡಿಗೆ ಅದನ್ನು ಬಿಡು."

ಮನೆ ಮುಟ್ಟುವ ತನಕ ನೇಕಾರನ ಮನಸ್ಸು ಹಗುರವಾಗಿತ್ತು. ಹೊಸ್ತಿಲು ದಾಟುವಾಗ ಹೊಸ ಹುಳ ಹೊಕ್ಕಿತು. ಬೆಳೆದರೆ ಬಾ ಎಂದರಲ್ಲ, ಬೆಳೆಯುವಂಥದ್ದಾದ್ದರಿಂದಲೇ ಹಾಗೆಂದರೇ? ಬೆಳೆದಿದೆಯೋ ಇಲ್ಲವೋ ತಿಳಿಯಬೇಕಾದರೆ ಮುಟ್ಟಿ ನೋಡಲೇಬೇಕಲ್ಲವೇ? ಅವನು ನಿಂತಲ್ಲೇ ಮುಟ್ಟಿ ನೋಡಿದ.

ಪೇಟೆಗೆ ಹೋಗಿ ಇನ್ನೊಬ್ಬ ವೈದ್ಯನನ್ನು ಕಂಡ. ಆತ ಒಂದೇ ಸಲ ಬೆರಳಿಟ್ಟು, ಏನಿಲ್ಲ ಹೋಗು ಎಂದ. ಇಷ್ಟು ಬೇಗ ಹೇಳಿದನೆಂದರೆ ಸರಿಯಾಗಿ ನೋಡಿಲ್ಲ ಎಂದುಕೊಂಡ ನೇಕಾರ. ಮತ್ತೊಬ್ಬ ವೈದ್ಯ ಬಹಳ ಹೊತ್ತು ನೋಡಿ, ಏನಿಲ್ಲ ಎಂದ. ಇಷ್ಟು ಹೊತ್ತು ನೋಡಿದನೆಂದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡ. ಮದುವೆಯ ಸೀರೆ ನೇಯ್ದುಕೊಡು ಎಂದು ಬಂದವರನ್ನು ಹಿಂದಕ್ಕೆ ಕಳಿಸಿದ. ಸೀರೆ ಮುಗಿಯುವ ತನಕ ತಾನಿರುತ್ತೇನೆಂಬ ನಂಬಿಕೆಯೇ ಅವನಿಗೆ ಇರಲಿಲ್ಲ.

ಆಮೇಲೆ ಅವನ ಕಣ್ಣು ಬೇರೆಯವರ ಕುತ್ತಿಗೆಯ ಮೇಲೆ ಬಿತ್ತು. ಹೆಂಡತಿಯನ್ನು ಹತ್ತಿರ ಕರೆದು ಅವಳ ದವಡೆಯ ಕೆಳಗೆ ಒತ್ತಿ ನೋಡಿದ. ಅವಳಿಗೆ ಏನೂ ಇರಲಿಲ್ಲ. ಹಾಗಾದರೆ ನನ್ನದು ರೋಗವೇ ಸರಿ ಎಂದು ತೀರ್ಮಾನಿಸಿದ. ಇನ್ನೊಂದು ದಿನ ಹೊನ್ನಿ ತೊಡೆಯ ಮೇಲೆ ಕೂತಿದ್ದಾಗ ಅವಳ ಕತ್ತಿನ ಮೇಲೆ ಬೆರಳಾಡಿಸಿದ. ಅಲ್ಲಿ ಎರಡು ಸಣ್ಣ ಗಂಟುಗಳಿದ್ದವು. ಎರಡೂ ಬದಿಗೆ ಒಂದೊಂದು.

ನೇಕಾರನಿಗೆ ಅದನ್ನು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ತನ್ನದನ್ನು ನೋಡಿಕೊಂಡ ಮೇಲೆ ಮಗಳದ್ದನ್ನೂ ನೋಡತೊಡಗಿದ. ಆಟದ ನಡುವೆ ಕರೆದು ನೋಡುತ್ತಿದ್ದ. ಉಣಿಸುವಾಗ ನೋಡುತ್ತಿದ್ದ.

"ಏನು ನೋಡ್ತೀಯಪ್ಪಾ?" ಎಂದು ಅವಳು ಕೇಳಿದಳು.

"ಏನೂ ಇಲ್ಲ ಮಗಳೇ," ಎಂದ.

ಏನೂ ಇಲ್ಲದ್ದನ್ನು ಯಾರೂ ಮತ್ತೆ ಮತ್ತೆ ಕರೆದು ನೋಡುವುದಿಲ್ಲ. ಅಷ್ಟು ಮಕ್ಕಳಿಗೂ ತಿಳಿಯುತ್ತದೆ.

ಒಂದು ದಿನ ಅವನು ನೂಲಿನ ಗಂಟು ಹೊತ್ತು ಮನೆಗೆ ಬರುತ್ತಿದ್ದ. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಹೊನ್ನಿ ಅವರ ಜೊತೆಯಲ್ಲಿರಲಿಲ್ಲ. ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಒಂದು ಕಡೆಗೆ ವಾಲಿತ್ತು. ಎರಡು ಬೆರಳು ದವಡೆಯ ಕೆಳಗೆ ಊರಿದ್ದವು. ಕಣ್ಣು ಎಲ್ಲೋ ನೆಟ್ಟಿತ್ತು.

"ಬಾರೇ ಹೊನ್ನಿ, ನಿನ್ನ ಸರದಿ!" ಎಂದು ಗೆಳತಿಯೊಬ್ಬಳು ಕೂಗಿದಳು.

"ನಾನು ಬರಲ್ಲ," ಎಂದಳು ಹೊನ್ನಿ. "ನನಗೂ ಅಪ್ಪನ ಹಾಗೇ ಆಗಿದೆ. ನಾನು ಸತ್ತುಹೋಗ್ತೀನಿ."

ನೇಕಾರ ಬೀದಿಯ ನಡುವೆ ನಿಂತುಬಿಟ್ಟ. ತಾನು ಹೇಗೆ ಕೂರುತ್ತೇನೆ ಎಂಬುದನ್ನು ಅವನು ಅದುವರೆಗೆ ಕಂಡಿರಲಿಲ್ಲ. ನೂಲಿನ ಗಂಟನ್ನು ಜಗಲಿಗೆ ಎಸೆದು, ಮಗಳನ್ನು ಎತ್ತಿಕೊಂಡು ಪಂಡಿತರ ಮನೆಗೆ ಓಡಿದ.

ಪಂಡಿತರು ಮಗುವನ್ನು ಮುಂದೆ ಕೂರಿಸಿಕೊಂಡು ಸಾವಕಾಶವಾಗಿ ನೋಡಿದರು. "ಮೂಗು ಸೋರಿಸಿಕೊಂಡು ಓಡಾಡುವ ಮಕ್ಕಳಿಗೆಲ್ಲ ಇವು ಇರುತ್ತವೆ ಮಗಳೇ. ನೀನು ಹೋಗಿ ಆಡು," ಎಂದರು.

"ಹಾಗಾದರೆ ಅಪ್ಪ ಯಾಕೆ ಊಟ ಮಾಡಲ್ಲ?" ಎಂದು ಕೇಳಿದಳು ಹೊನ್ನಿ.

ಪಂಡಿತರು ನೇಕಾರನ ಮುಖ ನೋಡಿದರು. ಅವನು ತಲೆ ತಗ್ಗಿಸಿ, "ಇವಳಿಗೆ ಏನು ಮದ್ದು ಕೊಡುತ್ತೀರಿ ಪಂಡಿತರೇ?" ಎಂದ.

"ಮಗುವಿಗೆ ಮದ್ದು ಬೇಡ. ಮಗು ನೋಡುತ್ತಿರುವಾಗ ನಿನ್ನ ಕೈ ಕುತ್ತಿಗೆಗೆ ಹೋಗಕೂಡದು, ಅಷ್ಟೇ."

"ನನಗೆ ಹೆದರಿಕೆಯಾಗುತ್ತದಲ್ಲ?"

"ಆಗಲಿ. ಹೆದರಬೇಡ ಎಂದು ನಾನು ಹೇಳಲಿಲ್ಲವಲ್ಲ. ಮುಟ್ಟಬೇಡ ಎಂದೆ."

ಹೊರಗೆ ಬಂದು ಅವನು ಹೊನ್ನಿಯನ್ನು ಹೆಗಲ ಮೇಲೆ ಕೂರಿಸಿಕೊಂಡ. ಬೀಳದ ಹಾಗೆ ಅವಳ ಎರಡೂ ಕಾಲು ಹಿಡಿದುಕೊಂಡ. ನಾಲ್ಕು ಮನೆ ದಾಟುವಷ್ಟರಲ್ಲಿ ದವಡೆಯ ಕೆಳಗೆ ಇರುವೆ ಹರಿದಂತಾಯಿತು. ಈಗ ಬೆಳೆದಿದೆ, ಈಗಲೇ ನೋಡು ಎಂದು ಯಾರೋ ಒಳಗಿನಿಂದ ಒತ್ತಾಯಿಸಿದಂತಾಯಿತು. ಕಾಲು ಬಿಟ್ಟರೆ ಮಗು ಬೀಳುತ್ತದೆ. ಅವನು ಹಲ್ಲು ಕಚ್ಚಿಕೊಂಡು ನಡೆದ. ಮನೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಮಗುವಿನ ಕಣ್ಣು ತಪ್ಪಿಸಿ ಮುಟ್ಟಿಕೊಳ್ಳಬಹುದೆಂದು ಅವನು ಎಣಿಸಿದ್ದ. ಅದು ಆಗಲಿಲ್ಲ. ಅವನು ಮಗ್ಗಕ್ಕೆ ಇಳಿದರೆ ಹೊನ್ನಿ ಎದುರಿಗೆ ಬಂದು ಕೂರುತ್ತಿದ್ದಳು. ಹಿತ್ತಲಿಗೆ ಹೋದರೆ ಹಿಂದೆಯೇ ಬರುತ್ತಿದ್ದಳು. ಮಲಗಿದಾಗಲೂ ಅವನನ್ನು ತಬ್ಬಿದ ಅವಳ ಕೈ ಅವನ ಕತ್ತಿನ ಮೇಲಿರುತ್ತಿತ್ತು. ಲಾಳಿ ನಿಂತರೆ ಸಾಕು, ಅವಳು ತಲೆ ಎತ್ತಿ ನೋಡುತ್ತಿದ್ದಳು. ಎತ್ತಿದ ಕೈಯನ್ನು ಅವನು ಲಾಳಿಗೆ ತರುತ್ತಿದ್ದ. ಕೈ ಮತ್ತೆ ಏಳುತ್ತಿತ್ತು, ಅವನು ಮತ್ತೆ ತರುತ್ತಿದ್ದ. ಮೊದಲ ವಾರದ ಬಟ್ಟೆಯಲ್ಲಿ ಎಳೆ ತಪ್ಪಿದ್ದೇ ಹೆಚ್ಚು. ಊಟ ಬೇಡವಾಗಿದ್ದರೂ ಮಗಳ ಮುಂದೆ ಕಲಸಿ ಕಲಸಿ ಉಂಡ. ಒಂದು ದಿನ ತಡೆಯಲಾರದೆ ಹೆಂಡತಿಯ ಮುಂದೆ ಅತ್ತುಬಿಟ್ಟ. ಅವಳು ಅವನ ಎರಡೂ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

ತನ್ನ ಕುತ್ತಿಗೆಯಿಂದ ಮೊದಲು ಇಳಿದದ್ದು ಹೊನ್ನಿಯ ಕೈ. ಒಂದು ದಿನ ಬೀದಿಯಿಂದ ಗೆಳತಿ ಕೂಗಿದ್ದೇ ತಡ, ಅವಳು ಎದ್ದು ಓಡಿದಳು. ಮಗ್ಗದ ಮುಂದೆ ಅವನೊಬ್ಬನೇ ಉಳಿದ. ನೋಡುವವರು ಯಾರೂ ಇರಲಿಲ್ಲ. ಅವನ ಕೈ ಎದ್ದಿತು, ಗಾಳಿಯಲ್ಲಿ ಅರೆಗಳಿಗೆ ನಿಂತಿತು. ಹೊರಗೆ ಮಗಳು ಕುಂಟುತ್ತ ಕೇಕೆ ಹಾಕುತ್ತಿದ್ದಳು. ಅವನು ಲಾಳಿ ತಳ್ಳಿದ.

ಹೆದರಿಕೆ ಅಂದೇ ಹೋಗಲಿಲ್ಲ. ಎಷ್ಟೋ ದಿನ ಅದು ಅವನ ಜೊತೆಗೇ ಗುಣಿಯಲ್ಲಿ ಕೂತಿತ್ತು, ಅವನು ನೇಯುತ್ತಿದ್ದ. ಎಂದು ಎದ್ದುಹೋಯಿತೆಂಬುದು ಅವನಿಗೂ ಗೊತ್ತಾಗಲಿಲ್ಲ. ಹೊನ್ನಿ ಬೆಳೆದಳು. ಅವಳ ಮದುವೆಯ ಸೀರೆಯನ್ನು ಅವನೇ ನೇಯ್ದ. ಮೊಮ್ಮಕ್ಕಳನ್ನೂ ಹೆಗಲ ಮೇಲೆ ಹೊತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಕಾಯುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಅದೆಲ್ಲ ಸರಿ ಗುರುಗಳೇ, ಕೊನೆಗೆ ಅವನ ಗಂಟು ಕರಗಿತೋ ಇಲ್ಲವೋ?"

"ಮುಟ್ಟಿ ನೋಡಿದವರಿದ್ದರೆ ತಾನೇ ಹೇಳುವುದು?" ಎಂದರು ಗುರುಗಳು.